‘ಟೈಮ್ಸ್’ ಪತ್ರಿಕೆಯೂ ಪಿಗಟ್ಟನ ಕೂಟಲೇಖಗಳೂ

1887ನೆಯ ಇಸವಿ ಏಪ್ರಿಲ್ ತಿಂಗಳ 18ನೆಯ ತಾರೀಖು ಸೋಮವಾರ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು ತನ್ನ ಗಂಭೀರವಾದ ಅಂಕಣಗಳ ನಡುವೆ ಒಂದು ಕಾಗದದ ಯಥಾಪ್ರತಿಯನ್ನು, ಕೈಬರಹದ ರೂಪವೇ ಕಾಣುವಂತೆ, ಅಚ್ಚುಹಾಕಿಸಿತು. ಕಾಗದದ ಮೇಲಿದ್ದ ತಾರೀಖು 1882ನೆಯ ಮೇ 15. ಅದಕ್ಕೆ ಒಂಬತ್ತು ದಿನಗಳ ಹಿಂದೆ, ಮೇ 6ರ ಸಂಜೆ, ಡಬ್ಲಿನ್ ನಗರದ ಫೀನಿಕ್ಸ್ ಉದ್ಯಾನದಲ್ಲಿ, ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿ ಅಂದೇ ಬಂದಿಳಿದಿದ್ದ ಲಾರ್ಡ್ ಫ್ರೆಡರಿಕ್ ಕ್ಯಾವೆಂಡಿಷನೂ ಅವನ ಕೈಕೆಳಗಿನ ಅಧಿಕಾರಿಯಾದ ಥಾಮಸ್ ಬರ್ಕನೂ ಕೊಲೆಯಾಗಿದ್ದರು. ಐರಿಷ್ ಪಕ್ಷದ ನಾಯಕನಾದ ಚಾರಲ್ಸ್ ಸ್ಟೂವರ್ಟ್ ಪಾರ್ನೆಲ್ಲನು ಆ ಕೃತ್ಯವನ್ನು ಬಹಿರಂಗವಾಗಿ ಖಂಡಿಸಿದ್ದನು. ಈಗ ಅಚ್ಚಾದ ಕಾಗದದಲ್ಲಾದರೋ, ಆ ಖಂಡನೆಯು ಕಾಲಕ್ಕೆ ತಕ್ಕಂತೆ ಆಡಿದ ಮಾತೆಂದೂ, ಕ್ಯಾವೆಂಡಿಷನ ಮರಣಕ್ಕಾಗಿ ವ್ಯಸನವಿದ್ದರೂ ಬರ್ಕನಿಗೆ ತಕ್ಕುದೇ ಆಯಿತೆಂದೂ ಅರ್ಥ ಬರುವ ವಾಕ್ಯಗಳಿದ್ದುವು. ಕೆಳಗೆ ಪಾರ್ನೆಲ್ಲನ ರುಜು. ಒಕ್ಕಣೆ ಬೇರೊಬ್ಬರ ಕೈಯದು, ರುಜು ಮಾತ್ರ ಅವನದು ಎಂಬುದು ಪತ್ರಿಕೆಯ ವಾದ. ಅಂದಿನ ರಾತ್ರಿಯೇ ಪಾರ್ಲಿಮೆಂಟಿನಲ್ಲಿ ಐರ್ಲೆಂಡಿನ ದಂಡನಾ ಮಸೂದೆಯ ಎರಡನೆಯ ವಾಚನದ ಮೇಲೆ ಮತ ತೆಗೆದುಕೊಳ್ಳುವುದಿತ್ತು.

ಬೇರೆ ಯಾವ ಪತ್ರಿಕೆ ಇದನ್ನು ಪ್ರಕಟಿಸಿದ್ದರೂ ಜನರು ಒಂದು ವಾರ ಮಾತನಾಡಿಕೊಂಡು ಮರೆತುಬಿಡುತ್ತಿದ್ದರು. ‘ಟೈಮ್ಸ್’ ಹಾಗಲ್ಲ. ಒಂದನೆಯ ಜಾನ್ ವಾಲ್ಟರನು 1785ರಲ್ಲಿ ಬೇರೊಂದು ಹೆಸರಿನಿಂದ ಆರಂಭಿಸಿ 1788ರಲ್ಲಿ ಈಗಿನ ಹೆಸರನ್ನಿಟ್ಟ ಆ ಪತ್ರಿಕೆಯು ಬಾರ್ನ್ಸ್, ಡಿಲೇನ್ ಎಂಬ ಇಬ್ಬರು ಸಂಪಾದಕರ ಕಾಲದಲ್ಲಿ ಮಂತ್ರಿಮಂಡಲಗಳನ್ನು ನಡುಗಿಸುವಷ್ಟು ಪ್ರಬಲವಾಗಿತ್ತು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಪಟ್ಟ ಪಾಡನ್ನು ಅದರ ಬಾತ್ಮೀದಾರನಾದ ವಿಲಿಯಂ ಹೋವರ್ಡ್ ರಸೆಲ್ಲನು ನಿರ್ಭಯವಾಗಿ ಬರೆದು ಕಳುಹಿಸಿದುದು ಎಲ್ಲರ ನೆನಪಿನಲ್ಲಿತ್ತು. 1855ರಲ್ಲಿ ಪತ್ರಿಕೆಗಳ ಮೇಲಣ ಮುದ್ರಾಶುಲ್ಕವು ರದ್ದಾದ ಮೇಲೆ ಒಂದು ಪೆನ್ನಿಯ ಪತ್ರಿಕೆಗಳು ಹೆಚ್ಚಾಗಿ, ಮೂರು ಪೆನ್ನಿ ಬೆಲೆಯ ‘ಟೈಮ್ಸ್’ ಓದುಗರ ಸಂಖ್ಯೆಯಲ್ಲಿ ಹಿಂದೆ ಬಿದ್ದಿತು. ಗೌರವದಲ್ಲಿ ಹಿಂದೆ ಬೀಳಲಿಲ್ಲ. ಅದರಲ್ಲಿ ಬಂದುದು ಶೋಧಿಸಿ ಬಂದುದು ಎಂಬ ನಂಬಿಕೆಯೇ ಅದರ ಮೂಲಧನ. ಲೇಖನಗಳಿಗೆ ಬರೆದವರ ಹೆಸರಿರುತ್ತಿರಲಿಲ್ಲ. ಯಾರು ಬರೆದರೂ ಪತ್ರಿಕೆಯೇ ಮಾತನಾಡಿದಂತೆ. ಈ ಅನಾಮಕತೆಯಿಂದ ಪತ್ರಿಕೆಗೆ ಒದಗಿದ ಗಾಂಭೀರ್ಯವು ದೊಡ್ಡದು. ಯಾವ ಮಾತಿಗೆ ಯಾರು ಹೊಣೆಯೆಂಬುದು ಹೊರಗಿನವರಿಗೆ ತಿಳಿಯದೆ ಹೋಗುವುದೂ ಅದರಿಂದಲೇ. ಮುಂದೆ ನಡೆದ ಅನರ್ಥಕ್ಕೆ ಈ ಎರಡನೆಯ ಗುಣವೂ ಒಂದು ಕಾರಣವೆನ್ನಬೇಕು.

ಐರ್ಲೆಂಡಿನ ವಿಷಯದಲ್ಲಿ ಪತ್ರಿಕೆಯ ಪಕ್ಷವು ಗೋಪ್ಯವಾಗಿರಲಿಲ್ಲ. 1886ನೆಯ ಏಪ್ರಿಲ್ 8ರಂದು ಗ್ಲ್ಯಾಡ್‌ಸ್ಟನ್ನನು ಐರ್ಲೆಂಡಿಗೆ ಸ್ವರಾಜ್ಯವನ್ನು ಕೊಡುವ ಮಸೂದೆಯನ್ನು ತಂದನು. ಜೂನ್ 8ರಂದು ಅದು 343 ವೋಟುಗಳಿಗೆ 313ರಂತೆ ಬಿದ್ದುಹೋಯಿತು. ಲಿಬರಲ್ ಪಕ್ಷವು ಒಡೆಯಿತು. ಸಾಲ್ಸ್‌ಬರಿಯು ಪ್ರಧಾನಿಯಾದನು. 86 ಮಂದಿ ಸದಸ್ಯರನ್ನು ಹಿಂದಿಟ್ಟುಕೊಂಡಿದ್ದ ಪಾರ್ನೆಲ್ಲನನ್ನು ಸಾಮ್ರಾಜ್ಯದ ಶತ್ರುವೆಂದು ‘ಟೈಮ್ಸ್’ ತಿಳಿದಿತ್ತು. ಹಾಗೆಂದು ಪ್ರಾಮಾಣಿಕವಾಗಿಯೇ ನಂಬಿತ್ತು. 1887ನೆಯ ಮಾರ್ಚ್ 7ರಿಂದ ‘ಪಾರ್ನೆಲ್ ಪಂಥವೂ ಅಪರಾಧವೂ’ ಎಂಬರ್ಥದ ಶಿರೋನಾಮೆಯಲ್ಲಿ ಅದು ಒಂದು ಲೇಖನಮಾಲೆಯನ್ನು ಪ್ರಕಟಿಸತೊಡಗಿತು. ಬರೆದವನು ಐರಿಷ್ ನ್ಯಾಯಾಧೀಶನೊಬ್ಬನ ಮಗನಾದ ಜಾನ್ ವುಲ್ಫ್ ಫ್ಲ್ಯಾನಗನ್. ಆ ಲೇಖನಗಳು ಬಹುಮಟ್ಟಿಗೆ ಹಳೆಯ ಭಾಷಣಗಳನ್ನೂ ವರದಿಗಳನ್ನೂ ಜೋಡಿಸಿದವು. ಕಟುವಾದ ವಾದವೆನ್ನಬಹುದೇ ಹೊರತು ಸುಳ್ಳೆನ್ನುವಂತಿಲ್ಲ. ಪತ್ರಿಕೆಯೊಂದಕ್ಕೆ ಪಕ್ಷವಿರುವುದು ದೋಷವಲ್ಲ. ದೋಷವು ಆರಂಭವಾದುದು ವಾದದಿಂದ ಸಾಕ್ಷ್ಯಕ್ಕೆ ಕಾಲಿಟ್ಟಾಗ.

ಸಾಕ್ಷ್ಯವನ್ನು ತಂದವನು ಎಡ್ವರ್ಡ್ ಹೂಸ್ಟನ್ ಎಂಬ ತರುಣ. ಸ್ವರಾಜ್ಯವನ್ನು ವಿರೋಧಿಸುವುದಕ್ಕಾಗಿಯೇ ಡಬ್ಲಿನ್ನಿನಲ್ಲಿ ಸ್ಥಾಪಿತವಾಗಿದ್ದ ರಾಜಭಕ್ತರ ಸಂಘವೊಂದಕ್ಕೆ ಅವನು ಕಾರ್ಯದರ್ಶಿ. ಪಾರ್ನೆಲ್ಲನ ಮೇಲೆ ಲಿಖಿತ ಪ್ರಮಾಣವನ್ನು ಹುಡುಕಿಕೊಡುವಂತೆ ಅವನು ರಿಚರ್ಡ್ ಪಿಗಟ್ಟನೆಂಬವನನ್ನು ದಿನವೊಂದಕ್ಕೆ ಒಂದು ಗಿನಿಯನ್ನೂ ಪ್ರಯಾಣದ ವೆಚ್ಚವನ್ನೂ ಕೊಟ್ಟು ನಿಯಮಿಸಿದನು. ಹೀಗೆ ದಿನಗೂಲಿಯ ಮೇಲೆ ಹುಡುಕುವವನಿಗೆ ಹುಡುಕಿದುದು ದೊರೆಯದೆ ಹೋಗುವುದುಂಟೆ? ಪ್ಯಾರಿಸ್ ನಗರದಲ್ಲಿ ಯಾರೋ ಬಿಟ್ಟುಹೋದ ಕಪ್ಪು ಚೀಲವೊಂದರಲ್ಲಿ ಕಾಗದಗಳು ಸಿಕ್ಕಿದುವೆಂದು ಪಿಗಟ್ಟನು ಕಥೆ ಹೇಳಿದನು. ಹೂಸ್ಟನ್ನನು ಅವನ್ನು ‘ಪಾಲ್‌ಮಾಲ್ ಗೆಜೆಟ್’ ಪತ್ರಿಕೆಯ ಸಂಪಾದಕನಾದ ಸ್ಟೆಡ್ಡನ ಮುಂದೆಯೂ ಇಟ್ಟಿದ್ದನು. ಸಂಚಲನದ ಸುದ್ದಿಗೆ ಹೆಸರಾಗಿದ್ದ ಸ್ಟೆಡ್ಡನು ಅವನ್ನು ಒಲ್ಲೆನೆಂದನು. ಎಚ್ಚರಿಕೆಗೆ ಹೆಸರಾಗಿದ್ದ ‘ಟೈಮ್ಸ್’ ಕೊಂಡಿತು.

ಕೊಂಡ ಬಗೆಯೇ ಇಲ್ಲಿ ವಿಚಾರಾರ್ಹವಾದುದು. ಪತ್ರಿಕೆಯ ಸಂಪಾದಕನು ಇನ್ನೂ ಮೂವತ್ತರ ಆಸುಪಾಸಿನವನಾದ ಜಾರ್ಜ್ ಅರ್ಲ್ ಬಕಲ್. ಆದರೆ ಈ ವ್ಯವಹಾರವನ್ನು ನಡೆಸಿದವನು ವ್ಯವಸ್ಥಾಪಕನಾದ ಜಾನ್ ಕ್ಯಾಮರನ್ ಮ್ಯಾಕ್‌ಡೊನಾಲ್ಡ್. ಕಾಗದಗಳನ್ನು ಕೊಟ್ಟ ಮೂಲಪುರುಷನ ಹೆಸರನ್ನು ಹೂಸ್ಟನ್ನನು ಹೊರಗೆಡಹಲಿಲ್ಲ; ಮ್ಯಾಕ್‌ಡೊನಾಲ್ಡನು ಕೇಳಲೂ ಇಲ್ಲ. ಲಕೋಟೆಗಳು ಎಲ್ಲಿ ಎಂಬ ಪ್ರಶ್ನೆಯನ್ನು ಬೇಕೆಂದೇ ಎತ್ತಲಿಲ್ಲ. ಮಾಡಿದ ಪರೀಕ್ಷೆಯೆಲ್ಲವೂ ರುಜುವಿನ ಹೋಲಿಕೆಯದು. ಇದರ ಮೇಲೆ ಆಂತರಿಕ ಪ್ರಮಾಣವೆಂದು ಅವನು ಸಾಕ್ಷಿಕಟ್ಟೆಯಲ್ಲಿ ಹೇಳಿದ ಕಾರಣವು ಇಷ್ಟೆ: ಪಾರ್ನೆಲ್ಲನಂತಹವನು ಬರೆಯಬಹುದಾದ ಕಾಗದವು ಅದಾಗಿತ್ತು. ಈ ಒಂದು ಮಾತಿನಲ್ಲಿ ಆ ಕಚೇರಿಯ ಮನೋಧರ್ಮವೆಲ್ಲವೂ ಅಡಗಿದೆ. ಪಾರ್ನೆಲ್ಲನು ಎಂತಹವನೆಂಬುದನ್ನು ಅಲ್ಲಿಯವರು ಮೊದಲೇ ತೀರ್ಮಾನಿಸಿದ್ದರು. ತೀರ್ಮಾನಕ್ಕೆ ಒಪ್ಪಿದ ಕಾಗದವು ಬಂದಾಗ ಆ ಒಪ್ಪಿಗೆಯನ್ನೇ ಕಾಗದದ ಸತ್ಯತೆಗೆ ಪ್ರಮಾಣವಾಗಿ ಹಿಡಿದರು. ಅವರು ಸುಳ್ಳನ್ನು ಸುಳ್ಳೆಂದು ತಿಳಿದು ಅಚ್ಚುಹಾಕಿಸಿದರೆಂಬ ಅಪವಾದಕ್ಕೆ ಆಧಾರವಿಲ್ಲ. ಮೋಸಹೋದರು, ಮೋಸಹೋಗಲು ಸಿದ್ಧರಾಗಿದ್ದರು.

ಶಾಸನಪರೀಕ್ಷೆಯಲ್ಲಿ ಪಳಗಿದವರಿಗೆ ಈ ತಪ್ಪಿನ ಸ್ವರೂಪವು ಅಪರಿಚಿತವಲ್ಲ. ಸುಮಾರಾಗಿ ಅದೇ ಕಾಲದಲ್ಲಿ ಡಾಕ್ಟರ್ ಫ್ಲೀಟರವರು ಗಂಗರಾಜರ ತಾಮ್ರಪಟಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ನಿರಾಕರಿಸುತ್ತಲೂ, ರೈಸರವರು ಅವುಗಳ ಪರವಾಗಿ ವಾದಿಸುತ್ತಲೂ ಇದ್ದರು. ಫ್ಲೀಟರ ನಿರ್ಣಯಗಳೆಲ್ಲವೂ ನಿಂತಿವೆಯೆಂದಲ್ಲ. ಆದರೆ ಲಿಪಿಯು ಆ ಕಾಲದ್ದೆ, ಕಾಗುಣಿತವು ಸರಿಯೆ, ತಿಥಿವಾರಗಳು ಕೂಡುತ್ತವೆಯೆ, ಪಟವು ಯಾರ ಕೈಯಿಂದ ಬಂದಿತು ಎಂದು ಕೇಳುವ ಪದ್ಧತಿಯು ನಿಂತಿದೆ. ಸಾವಿರ ವರ್ಷ ಹಳೆಯ ದಾನಪತ್ರಕ್ಕೆ ಕೇಳಿದ ಈ ಪ್ರಶ್ನೆಗಳನ್ನು ಐದು ವರ್ಷ ಹಳೆಯ ಕಾಗದಕ್ಕೆ ಲಂಡನ್ನಿನ ಸುದ್ದಿಮನೆಯು ಕೇಳಲಿಲ್ಲ.

ಪಾರ್ನೆಲ್ಲನು ಅಂದಿನ ರಾತ್ರಿಯೇ ಸಭೆಯಲ್ಲಿ ಎದ್ದು ಕಾಗದವು ಶುದ್ಧ ಸೃಷ್ಟಿಯೆಂದು ನುಡಿದನು. ಎದುರುಪಕ್ಷವು ನಂಬಲಿಲ್ಲ. ಲಂಡನ್ನಿನ ಜ್ಯೂರಿಯಿಂದ ತನಗೆ ನ್ಯಾಯ ದೊರೆಯದೆಂದು ಅವನು ಮೊಕದ್ದಮೆ ಹೂಡಲಿಲ್ಲ. ಹೂಡದಿರುವುದೇ ತಪ್ಪೊಪ್ಪಿಗೆಯೆಂದು ಜನರು ಆಡಿಕೊಂಡರು. 1888ನೆಯ ಜುಲೈ ತಿಂಗಳಲ್ಲಿ ಒಡಾನೆಲ್ ಎಂಬ ಬೇರೊಬ್ಬನು ಪತ್ರಿಕೆಯ ಮೇಲೆ ಮಾನಹಾನಿಯ ದಾವೆ ಹಾಕಿ ಸೋತನು. ಆ ವಿಚಾರಣೆಯಲ್ಲಿ ಪತ್ರಿಕೆಯ ಪರವಾಗಿ ನಿಂತು ಇನ್ನಷ್ಟು ಕಾಗದಗಳನ್ನು ಓದಿದವನು ಸರಕಾರದ ಅಟಾರ್ನಿ ಜನರಲ್ ಆಗಿದ್ದ ಸರ್ ರಿಚರ್ಡ್ ವೆಬ್‌ಸ್ಟರ್. ಸರಕಾರದ ವಕೀಲನು ಖಾಸಗಿ ಕಕ್ಷಿಗಾರರಿಗೂ ವಾದಿಸುವುದು ಆಗ ನಿಷಿದ್ಧವಾಗಿರಲಿಲ್ಲವಾದರೂ, ಪತ್ರಿಕೆ ಯಾವುದು ಮಂತ್ರಿಮಂಡಲ ಯಾವುದು ಎಂಬ ಗೆರೆಯು ಅಂದಿನಿಂದ ಅಳಿಸಿಹೋಯಿತು. ಅದೇ ವರ್ಷದ ಆಗಸ್ಟಿನಲ್ಲಿ ಪಾರ್ಲಿಮೆಂಟು ಹ್ಯಾನನ್, ಡೇ, ಸ್ಮಿತ್ ಎಂಬ ಮೂವರು ನ್ಯಾಯಾಧೀಶರ ವಿಶೇಷ ಆಯೋಗವನ್ನು ನಿಯಮಿಸಿತು. ಪಾರ್ನೆಲ್ಲನು ಬೇಡಿದುದು ಕಾಗದಗಳ ವಿಚಾರಣೆ. ಸರಕಾರವು ಕೊಟ್ಟುದು ಐರಿಷ್ ಚಳವಳಿಯೆಲ್ಲದರ ವಿಚಾರಣೆ. ಆಯೋಗವು 128 ದಿನ ಕುಳಿತಿತು. ಕಾಗದಗಳ ಪ್ರಸ್ತಾವವನ್ನು ‘ಟೈಮ್ಸ್’ ಪಕ್ಷದವರು ತಿಂಗಳುಗಟ್ಟಲೆ ಮುಂದೂಡಿದರು.

1889ನೆಯ ಫೆಬ್ರವರಿಯಲ್ಲಿ ಕಡೆಗೂ ಆ ಭಾಗವು ಬಂದಿತು. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಆಸ್ಕ್ವಿತ್ತನು ಆಗ ಪಾರ್ನೆಲ್ಲನ ಪರವಾದ ಕಿರಿಯ ವಕೀಲ; ಮ್ಯಾಕ್‌ಡೊನಾಲ್ಡನನ್ನು ಪಾಟೀಸವಾಲು ಮಾಡಿ, ಮೇಲೆ ಹೇಳಿದ ಅಜಾಗ್ರತೆಯನ್ನೆಲ್ಲ ಅವನ ಬಾಯಿಂದಲೇ ಹೊರಡಿಸಿದವನು ಅವನೇ. ಅನಂತರ ಪಿಗಟ್ಟನು ಕಟ್ಟೆ ಹತ್ತಿದನು. ಅವನು ಹಿಂದೆ ರಾಷ್ಟ್ರೀಯ ಪತ್ರಿಕೆಗಳ ಒಡೆಯನಾಗಿದ್ದವನು. 1881ರಲ್ಲಿ ಅವುಗಳನ್ನು ಪಾರ್ನೆಲ್ಲನ ಕಡೆಯವರಿಗೇ ಮಾರಿದ್ದನು. ಆ ಮಾರಾಟದ ಪತ್ರವ್ಯವಹಾರದಿಂದ ಪಾರ್ನೆಲ್ಲನ ಮತ್ತು ಪ್ಯಾಟ್ರಿಕ್ ಈಗನ್ನನ ನಿಜವಾದ ರುಜುಗಳು ಅವನ ಬಳಿ ಉಳಿದಿದ್ದುವು. ಇಷ್ಟು ಸಂಗತಿಯನ್ನು ಡಬ್ಲಿನ್ನಿನಲ್ಲಿ ವಿಚಾರಿಸಿದ್ದರೆ ಯಾರಾದರೂ ಹೇಳುತ್ತಿದ್ದರು.

ಹಿರಿಯ ವಕೀಲನಾದ ಸರ್ ಚಾರಲ್ಸ್ ರಸೆಲ್ಲನು ಪಿಗಟ್ಟನ ಕೈಗೆ ಒಂದು ಹಾಳೆಯನ್ನು ಕೊಟ್ಟು ಕೆಲವು ಪದಗಳನ್ನು ಬರೆಯಹೇಳಿದನು. ಜೀವನೋಪಾಯ, ಸಂಭವ, ಮತಾಂತರ ಎಂಬರ್ಥದ ಇಂಗ್ಲಿಷ್ ಪದಗಳು, ಅವನ ಸ್ವಂತ ಹೆಸರು, ಈಗನ್ನನ ಹೆಸರು. ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ, ‘ಹೆಸಿಟನ್ಸಿ’ ಎಂಬ ಪದ. ಹಿಂಜರಿಕೆಯೆಂದು ಅದರ ಅರ್ಥ. ಇಂಗ್ಲಿಷ್ ವರ್ಣಮಾಲೆಯ ಮೊದಲನೆಯ ಅಕ್ಷರವಿರಬೇಕಾದ ಕಡೆ ಐದನೆಯ ಅಕ್ಷರವನ್ನಿಟ್ಟು ಪಿಗಟ್ಟನು ಅದನ್ನು ಬರೆದನು. 1882ನೆಯ ಜನವರಿ 9ರ ತಾರೀಖನ್ನು ಹೊತ್ತ, ಪಾರ್ನೆಲ್ಲನದೆಂದು ಹೇಳಲಾದ ಇನ್ನೊಂದು ಕಾಗದದಲ್ಲಿ ಅದೇ ಪದವು ಅದೇ ತಪ್ಪಿನೊಡನೆ ಇತ್ತು. ಪಿಗಟ್ಟನು ಹಿಂದೆ ಈಗನ್ನನಿಗೆ ಬರೆದಿದ್ದ ಕಾಗದದಲ್ಲಿಯೂ ಇತ್ತು; ಈಗನ್ನನು ಅದನ್ನು ಕಾಪಾಡಿಕೊಂಡಿದ್ದನು. ಇಷ್ಟು ಸಾಲದೆಂದು, ಲೇಖನಮಾಲೆ ಆರಂಭವಾಗುವುದಕ್ಕೆ ಮೂರು ದಿನ ಮೊದಲು, ಮಾರ್ಚ್ 4ರಂದು, ಪಿಗಟ್ಟನು ಡಬ್ಲಿನ್ನಿನ ಆರ್ಚ್‌ಬಿಷಪ್ ವಾಲ್ಷನಿಗೆ ಬರೆದಿದ್ದ ಪತ್ರವು ಹೊರಬಿದ್ದಿತು. ಪಾರ್ನೆಲ್ಲನ ಮೇಲೆ ಆರೋಪಗಳು ಬರಲಿವೆಯೆಂದೂ, ಅವನ್ನು ಮುರಿಯುವ ಉಪಾಯವು ತನಗೆ ತಿಳಿದಿದೆಯೆಂದೂ ಅದರಲ್ಲಿತ್ತು. ಸಾಕ್ಷಿಯ ಮುಖದಲ್ಲಿ ಬೆವರು ಇಳಿಯಿತು, ಸಭಿಕರು ನಕ್ಕರು. ಫೆಬ್ರವರಿ 23ರ ಶನಿವಾರ ಅವನು ಲಾಬುಷೇರನ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡನು. ಮಂಗಳವಾರ ಕರೆದಾಗ ಕಟ್ಟೆ ಬರಿದಾಗಿತ್ತು. ಮಾರ್ಚ್ 1ರಂದು ಮ್ಯಾಡ್ರಿಡ್ ನಗರದ ಹೋಟಲೊಂದರಲ್ಲಿ, ಪೋಲೀಸಿನವರು ಹಿಡಿಯಬಂದಾಗ, ಗುಂಡು ಹಾರಿಸಿಕೊಂಡು ಸತ್ತನು.

‘ಟೈಮ್ಸ್’ ಕ್ಷಮೆ ಬೇಡಿತು. ಪಾರ್ನೆಲ್ಲನಿಗೆ 5,000 ಪೌಂಡು ಪರಿಹಾರ ತೆತ್ತಿತು. ಒಟ್ಟು ವೆಚ್ಚವು 2,00,000 ಪೌಂಡುಗಳಷ್ಟಾಯಿತು. 1890ನೆಯ ಫೆಬ್ರವರಿಯ ಆಯೋಗದ ವರದಿಯು ಪಾರ್ನೆಲ್ಲನನ್ನು ಕಾಗದಗಳ ವಿಷಯದಲ್ಲಿ ಪೂರ್ಣವಾಗಿ ಬಿಡುಗಡೆ ಮಾಡಿ, ಅವನ ಅನುಯಾಯಿಗಳು ಬೆದರಿಕೆಗೆ ಪ್ರಚೋದನೆ ಕೊಟ್ಟರೆಂಬ ಆರೋಪವನ್ನು ಎತ್ತಿಹಿಡಿಯಿತು. ಪತ್ರಿಕೆಯ ಮೂಲವಾದದಲ್ಲಿ ಹುರುಳಿದ್ದಿತೆಂದು ಇದರಿಂದ ತೋರುತ್ತದೆ. ಆದರೆ ಆ ಭಾಗವನ್ನು ಓದುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಕೂಟಲೇಖವು ತನ್ನೊಡನೆ ನಿಜವನ್ನೂ ಮುಳುಗಿಸಿತು.

ಇದಕ್ಕಿಂತ ವಿಚಿತ್ರವಾದ ಪರಿಣಾಮವೊಂದುಂಟು. ಚರಿತ್ರಕಾರರು ಇದಕ್ಕೆ ಕೊಡಬೇಕಾದಷ್ಟು ಗಮನವನ್ನು ಕೊಟ್ಟಂತೆ ಕಾಣುವುದಿಲ್ಲ. 1889ನೆಯ ಡಿಸೆಂಬರಿನಲ್ಲಿ ಕ್ಯಾಪ್ಟನ್ ಓಷೇ ಎಂಬವನು ತನ್ನ ಹೆಂಡತಿಯೊಡನೆ ಪಾರ್ನೆಲ್ಲನಿಗಿದ್ದ ಸಂಬಂಧವನ್ನು ಹೇಳಿ ವಿವಾಹವಿಚ್ಛೇದಕ್ಕಾಗಿ ದಾವೆ ಹೂಡಿದನು. ಓಷೇಯು ಆಯೋಗದ ಮುಂದೆ ‘ಟೈಮ್ಸ್’ ಪರವಾಗಿ ಸಾಕ್ಷಿ ಹೇಳಿದ್ದವನು. ಹೀಗಾಗಿ ಐರ್ಲೆಂಡಿನಲ್ಲಿ ಅನೇಕರು ಇದೂ ಪಿಗಟ್ಟನ ಕಾಗದಗಳಂತಹುದೇ ಇನ್ನೊಂದು ಹಂಚಿಕೆಯೆಂದು ತಿಳಿದು ನಿಶ್ಚಿಂತರಾಗಿದ್ದರು. ಈ ಸಲ ಹೇಳಿದುದು ನಿಜವಾಗಿತ್ತು. ಮರುವರ್ಷದ ನವೆಂಬರಿನಲ್ಲಿ ತೀರ್ಪು ಬಂದಾಗ ಅವರು ಏನೂ ಸಿದ್ಧತೆಯಿಲ್ಲದೆ ಸಿಕ್ಕಿಬಿದ್ದರು. ಪಕ್ಷವು ಎರಡಾಗಿ ಸೀಳಿತು. 1891ರಲ್ಲಿ ಪಾರ್ನೆಲ್ಲನು ತೀರಿಕೊಂಡನು. ಒಮ್ಮೆ ಮೋಸಹೋದ ಓದುಗರು ಸುಳ್ಳನ್ನು ಗುರುತಿಸುವುದರಲ್ಲಿ ಜಾಣರಾಗಲಿಲ್ಲ, ನಿಜವನ್ನೂ ನಂಬದವರಾದರು.

ಮ್ಯಾಕ್‌ಡೊನಾಲ್ಡನು 1889ರ ಕೊನೆಯಲ್ಲಿ ಮೃತನಾದನು. ಅವನ ಸ್ಥಾನಕ್ಕೆ ಬಂದ ಮೊಬರ್ಲಿ ಬೆಲ್ಲನು ಸಾಲದಲ್ಲಿದ್ದ ಪತ್ರಿಕೆಯನ್ನು ನಡೆಸುವುದಕ್ಕಾಗಿ ವಿಶ್ವಕೋಶಗಳನ್ನು ಕಂತಿನ ಮೇಲೆ ಮಾರಬೇಕಾಯಿತು. 1908ರಲ್ಲಿ ಅದು ವಾಲ್ಟರರ ಮನೆತನದ ಆಡಳಿತದಿಂದ ತಪ್ಪಿ, ಅರ್ಧ ಪೆನ್ನಿಯ ‘ಡೇಲಿ ಮೇಲ್’ ಪತ್ರಿಕೆಯ ಒಡೆಯನಾದ ನಾರ್ತ್‌ಕ್ಲಿಫ್ಫನ ಕೈಸೇರಿತು. ಬಕಲ್ಲನು ಮಾತ್ರ 1912ರವರೆಗೆ ಸಂಪಾದಕನಾಗಿಯೇ ಇದ್ದನು.

ಅನಾಮಕತೆಯ ತೆರೆಯ ಹಿಂದೆ ಇನ್ನೂ ಒಬ್ಬನಿದ್ದನೆಂಬುದು ತಿಳಿದುದು 1910ರಲ್ಲಿ. 1887ನೆಯ ಮೇ ತಿಂಗಳಲ್ಲಿ ‘ಟೈಮ್ಸ್’ ಪ್ರಕಟಿಸಿದ್ದ ಎರಡನೆಯ ಲೇಖನಮಾಲೆಯು, ಅಮೆರಿಕದಲ್ಲಿದ್ದ ಐರಿಷ್ ಗುಪ್ತಸಂಘಗಳನ್ನು ಕುರಿತದ್ದು, ಸರಕಾರದ ಗುಪ್ತಸಮಾಚಾರದ ಕೆಲಸದಲ್ಲಿದ್ದ ತನ್ನದೇ ಬರಹವೆಂದು ಸರ್ ರಾಬರ್ಟ್ ಆಂಡರ್ಸನನು ‘ಬ್ಲ್ಯಾಕ್‌ವುಡ್’ ಮಾಸಪತ್ರಿಕೆಯಲ್ಲಿ ಸಹಜವಾಗಿ ಹೇಳಿಕೊಂಡನು. ಸ್ವತಂತ್ರ ಪತ್ರಿಕೆಯ ಶೋಧನೆಯೆಂದು ಇಪ್ಪತ್ತುಮೂರು ವರ್ಷ ಜನರು ಓದಿದುದು ಸರಕಾರೀ ನೌಕರನೊಬ್ಬನ ಲೇಖನವಾಗಿತ್ತು. ಅವನ ವಿಶ್ರಾಂತಿವೇತನವನ್ನು ನಿಲ್ಲಿಸಬೇಕೆಂದು ಐರಿಷ್ ಸದಸ್ಯರು ಪಾರ್ಲಿಮೆಂಟಿನಲ್ಲಿ ಹಟಹಿಡಿದರು. ಆಗ ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲನು ಒಪ್ಪಲಿಲ್ಲ. ವೇತನವು ನಡೆಯುತ್ತ ಬಂದಿತು.