ಬ್ಯಾಂಕು ಸಾಲದ ಮೊತ್ತ: ಭಾರತ-ಚೀನಗಳ ಒಂದು ತುಲನೆ

ಎರಡು ದೇಶಗಳ ಬ್ಯಾಂಕುಗಳು ಕೊಟ್ಟ ಸಾಲದ ಒಟ್ಟು ಮೊತ್ತಗಳನ್ನು ಹೋಲಿಸಿ, ಮೊತ್ತ ಹೆಚ್ಚಿರುವ ದೇಶವೇ ಮುಂದುವರಿದುದೆಂದು ತೀರ್ಮಾನಿಸುವುದು ವಾಡಿಕೆ. ಈ ತೀರ್ಮಾನವು ಇತಿಹಾಸದ ಪರೀಕ್ಷೆಗೆ ನಿಲ್ಲುವುದೇ ಎಂಬುದು ಪ್ರಕೃತ ಲೇಖನದ ವಿಚಾರ.

ಕಲ್ಲಡ್ಕದ ಪರಿಸರದಲ್ಲಿ ಓದುವ ವಿದ್ಯಾರ್ಥಿಗೆ ಈ ಪ್ರಶ್ನೆ ಪರಕೀಯವಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನೂ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಮೂಲಸಂಸ್ಥೆಯನ್ನೂ ಸ್ಥಾಪಿಸಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಪಿಗ್ಮಿ ಯೋಜನೆಯ ಮೂಲಕ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಉಳಿತಾಯವನ್ನು ಸಂಗ್ರಹಿಸಿತು. ಹೀಗೆ ಠೇವಣಿಯ ಹಾದಿ ಹಳ್ಳಿಯನ್ನು ಮುಟ್ಟಿತು. ಆದರೆ ಸಾಲದ ಹಾದಿ ಅಷ್ಟು ಬೇಗ ಮುಟ್ಟಲಿಲ್ಲ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಂತೆ ದೇಶದ ಬೇಸಾಯಗಾರರು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ 0.9 ಮಾತ್ರ. ಬ್ಯಾಂಕು ಇದ್ದ ಮಾತ್ರಕ್ಕೆ ಸಾಲ ದೊರೆಯುವುದಿಲ್ಲವೆಂಬುದಕ್ಕೆ ಇದೇ ನಿದರ್ಶನ.

ಇನ್ನು ಎರಡು ದೇಶಗಳ ವಿಚಾರ. ರೂಪಾಯಿ ಮತ್ತು ಯುವಾನ್‌ಗಳ ಮೊತ್ತಗಳನ್ನು ನೇರವಾಗಿ ಹೋಲಿಸುವುದು ಸಲ್ಲದು. ಆಯಾ ದೇಶದ ಒಟ್ಟು ಉತ್ಪನ್ನಕ್ಕೆ ಸಾಲವು ಶೇಕಡಾ ಎಷ್ಟೆಂಬುದನ್ನು ನೋಡಬೇಕು. ವಿಶ್ವಬ್ಯಾಂಕಿನ ಅಂಕಿಗಳಂತೆ ಖಾಸಗಿ ವಲಯಕ್ಕೆ ಸಂದ ಸಾಲವು 1980ರಲ್ಲಿ ಭಾರತದಲ್ಲಿ ಸುಮಾರು 20, ಚೀನದಲ್ಲಿ 50ರ ಆಸುಪಾಸು. 2000ದಲ್ಲಿ ಭಾರತದಲ್ಲಿ 30ಕ್ಕಿಂತ ಕಡಿಮೆ, ಚೀನದಲ್ಲಿ 100ಕ್ಕೂ ಹೆಚ್ಚು. 2020ರಲ್ಲಿ ಭಾರತದಲ್ಲಿ ಸುಮಾರು 55, ಚೀನದಲ್ಲಿ 180ಕ್ಕೂ ಹೆಚ್ಚು.

ಈ ಅಂತರಕ್ಕೆ ಕಾರಣವನ್ನು ಬಹುಮಟ್ಟಿಗೆ ಪ್ರಭುತ್ವದ ನೀತಿಯಲ್ಲಿ ಕಾಣಬಹುದು. ಭಾರತದಲ್ಲಿ 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಶಾಖೆಗಳೂ ಠೇವಣಿಗಳೂ ಬೆಳೆದವು. ಆದರೆ 1990ರ ವೇಳೆಗೆ ಠೇವಣಿಯ ಶೇಕಡಾ 38.5ರಷ್ಟನ್ನು ಮುಖ್ಯವಾಗಿ ಸರಕಾರಿ ಸಾಲಪತ್ರಗಳಲ್ಲಿ ತೊಡಗಿಸಬೇಕಾಗಿತ್ತು. ಶೇಕಡಾ 15ರಷ್ಟನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಬೇಕಾಗಿತ್ತು. ಹೀಗೆ ಜನರ ಉಳಿತಾಯದ ಅರ್ಧಕ್ಕಿಂತ ಹೆಚ್ಚು ಭಾಗ ಸಾಲಗಾರನನ್ನು ತಲುಪುವ ಮೊದಲೇ ಬೇರೆಡೆಗೆ ಸಲ್ಲುತ್ತಿತ್ತು. ಚೀನದಲ್ಲಾದರೋ, 1948ರಲ್ಲಿ ಸ್ಥಾಪಿತವಾದ ಪೀಪಲ್ಸ್ ಬ್ಯಾಂಕು ಬಹುಕಾಲ ಕೇಂದ್ರ ಬ್ಯಾಂಕೂ ವಾಣಿಜ್ಯ ಬ್ಯಾಂಕೂ ಆಗಿದ್ದಿತು. 1984ರಲ್ಲಿ ವಾಣಿಜ್ಯ ವ್ಯವಹಾರವು ಅದರಿಂದ ಬೇರ್ಪಟ್ಟ ಮೇಲೂ ಸರಕಾರಿ ಉದ್ದಿಮೆಗಳ ಬಂಡವಾಳಕ್ಕೆ ಬ್ಯಾಂಕು ಸಾಲವೇ ಆಧಾರವಾಯಿತು.

ಇಲ್ಲಿ ಇನ್ನೊಂದು ಅಂಶ ಗಮನಾರ್ಹ. ಚೀನದ 'ಖಾಸಗಿ' ಸಾಲವೆಂಬ ಅಂಕಿಯೊಳಗೆ ಸರಕಾರಿ ಉದ್ದಿಮೆಗಳ ಸಾಲವೂ ಸೇರಿದೆ. ಹೆಸರು ಒಂದೇ ಆದರೂ ಅಳೆದ ವಸ್ತು ಬೇರೆ. ಮೇಲಾಗಿ, ದೊಡ್ಡ ಮೊತ್ತವೆಲ್ಲವೂ ಸತ್ಫಲವನ್ನೇ ಕೊಟ್ಟಿತೆನ್ನಲಾಗದು. 1999ರಲ್ಲಿ ಬ್ಯಾಂಕುಗಳ ವಸೂಲಾಗದ ಸಾಲಗಳನ್ನು ವಹಿಸಿಕೊಳ್ಳಲು ಚೀನವು ನಾಲ್ಕು ಸಂಸ್ಥೆಗಳನ್ನೇ ಸ್ಥಾಪಿಸಬೇಕಾಯಿತು. ಭಾರತವೂ ಈ ವ್ಯಾಧಿಯಿಂದ ಮುಕ್ತವಾಗಿರಲಿಲ್ಲ. 2018ರ ಮಾರ್ಚಿನಲ್ಲಿ ಇಲ್ಲಿನ ಬ್ಯಾಂಕು ಸಾಲದಲ್ಲಿ ಶೇಕಡಾ 11ಕ್ಕೂ ಹೆಚ್ಚು ಭಾಗ ಅನುತ್ಪಾದಕವಾಗಿತ್ತು.

ಲೆಕ್ಕದ ಈ ತೊಡಕು ನಮ್ಮ ಜಿಲ್ಲೆಯಲ್ಲೂ ಉಂಟು. ಸಾಲ ಮಂಜೂರಾದ ಊರು ಒಂದು, ಅದು ವಿನಿಯೋಗವಾದ ಊರು ಇನ್ನೊಂದು ಇರಬಹುದು. ಆದುದರಿಂದಲೇ ರಿಸರ್ವ್ ಬ್ಯಾಂಕು ಇವೆರಡನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಬ್ಯಾಂಕಿನ ಹೆಸರು ಮರೆಯಾದರೂ ಅಡಕೆ ತೋಟದ ಮೇಲೆ ಪಡೆದ ಸಾಲ ತೋಟದವನ ಮೇಲೆಯೇ ಉಳಿಯುತ್ತದೆ.

ಆದುದರಿಂದ ಮೊತ್ತಗಳನ್ನು ಹೋಲಿಸುವ ಮುನ್ನ ಇತಿಹಾಸದ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಬೇಕು: ಈ ಸಾಲ ಯಾರ ಉಳಿತಾಯದಿಂದ ಬಂದಿತು? ಯಾರಿಗೆ ಸಂದಿತು? ಮರಳಿ ಬಂದಿತೇ? ಇವುಗಳಿಗೆ ಉತ್ತರ ದೊರೆತಾಗ ಮಾತ್ರ ಅಂಕಿಗಳು ಎರಡು ದೇಶಗಳ ನಿಜಸ್ಥಿತಿಯನ್ನು ತಿಳಿಸಿಯಾವು.