ಅಳಿಸಿದ ಚಿತ್ರ, ಉಳಿದ ದನಿ

ಬ್ರಿಟನ್ನಿನ ಬಿಬಿಸಿ ಸಂಸ್ಥೆಯು 1963ರ ನವೆಂಬರ್ 23ರಂದು ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ಒಬ್ಬ ಅಲೆಮಾರಿಯ ಕಥೆಯದು. ಇಂಥ ಕಥೆಯ ಅನೇಕ ಕಂತುಗಳು ಹದಿನೈದು ವರ್ಷಗಳೊಳಗೆ ಕಣ್ಮರೆಯಾದವು. ವಿಡಿಯೋ ಟೇಪು ಆಗ ಬಹಳ ದುಬಾರಿ. ಮರುಪ್ರಸಾರದ ಹಕ್ಕೂ ಸೀಮಿತ. ಆದ್ದರಿಂದ ಹಳೆಯದನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸ ಕಾರ್ಯಕ್ರಮ ಮುದ್ರಿಸುತ್ತಿದ್ದರು. ಹೊರದೇಶಗಳಿಗೆಂದು ಮಾಡಿದ್ದ ಫಿಲ್ಮ್ ಪ್ರತಿಗಳೂ 1978ರವರೆಗೆ ನಾಶವಾಗುತ್ತ ಬಂದವು.

ಅವರನ್ನು ದೂಷಿಸುವ ಅಧಿಕಾರ ನನಗಿಲ್ಲ. 1987ರಲ್ಲಿ ನಮ್ಮ ಮೊರಬದಲ್ಲಿ ನಡೆದ ಒಂದು ದೊಡ್ಡಾಟದಲ್ಲಿ ವೃದ್ಧರೊಬ್ಬರು ಬೆಳತನಕ ಹಾಡಿದ್ದರು. ಅದನ್ನು ನಾನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದೆ. ಮರುವರ್ಷ ಶಾಲೆಯ ಮಕ್ಕಳಿಗಾಗಿ ರೇಡಿಯೋದ ಇಂಗ್ಲಿಷ್ ಪಾಠ ಮುದ್ರಿಸಬೇಕಾಯಿತು. ಹೊಸ ಕ್ಯಾಸೆಟ್ಟಿಗೆ ಹುಬ್ಬಳ್ಳಿಗೆ ಹೋಗಲು ಬೇಸರಪಟ್ಟು, ಅದರ ಮೇಲೆಯೇ ಮುದ್ರಿಸಿದೆ. ಮುಂದೊಮ್ಮೆ ಅವರು ಬಸ್ ನಿಲ್ದಾಣದಲ್ಲಿ ಭೇಟಿಯಾಗಿ, “ಮಾಸ್ತರ, ನನ್ನ ಪದಾ ಇನ್ನೂ ಅದಾವೇನ್ರಿ?” ಎಂದು ಕೇಳಿದರು. “ಅದಾವ್ರಿ ಅಜ್ಜಾರ” ಎಂದೆ.

ಬ್ರಿಟನ್ನಿನವರು ಒಂದು ವಿಷಯದಲ್ಲಿ ಭಾಗ್ಯವಂತರು. ಚಿತ್ರ ಹೋದರೂ ದನಿ ಉಳಿಯಿತು. ಕೆಲವು ಪ್ರೇಕ್ಷಕರು ಪ್ರಸಾರದ ವೇಳೆ ಮನೆಯಲ್ಲಿಯೇ ಧ್ವನಿಯನ್ನು ಮುದ್ರಿಸಿಕೊಂಡಿದ್ದರು. ಜಾನ್ ಕ್ಯುರಾ ಎಂಬ ಛಾಯಾಗ್ರಾಹಕರು ದೂರದರ್ಶನದ ಪರದೆಯ ಫೋಟೋ ತೆಗೆದು ಕಲಾವಿದರಿಗೆ ಮಾರುತ್ತಿದ್ದರು. ಈ ದನಿ ಮತ್ತು ಚಿತ್ರಗಳ ಆಧಾರದಿಂದ ಕಳೆದುಹೋದ ಕಂತುಗಳನ್ನು ಅನಿಮೇಷನ್ ರೂಪದಲ್ಲಿ ಮತ್ತೆ ಕಟ್ಟಿದರು. ಎಂಟು ಕಂತುಗಳ ‘ದಿ ಇನ್ವೇಷನ್’ ಕಥೆಯ 1 ಮತ್ತು 4ನೆಯ ಕಂತುಗಳು 2006ರಲ್ಲಿ ಹೀಗೆ ಬಂದವು. 1966ರ ‘ದಿ ಪವರ್ ಆಫ್ ದಿ ಡಾಲೆಕ್ಸ್’ನ ಆರೂ ಕಂತುಗಳು ಸರಿಯಾಗಿ ಐವತ್ತು ವರ್ಷಗಳ ನಂತರ, 2016ರ ನವೆಂಬರ್ 5ರಂದು, ಬಿಡುಗಡೆಯಾದವು.

ಹಳೆಯ ವಿದ್ಯಾರ್ಥಿಯೊಬ್ಬ ಕಳಿಸಿದ್ದರಿಂದ ಸ್ವಲ್ಪ ನೋಡಿದೆ. ನಟ ಪ್ಯಾಟ್ರಿಕ್ ಟ್ರಾಟನ್ನರ ದನಿ ಜೀವಂತವಾಗಿದೆ. ಬರೆದ ಮುಖ ಮಾತ್ರ ಆ ದನಿಯ ವೇಗಕ್ಕೆ ನಿಲುಕುವುದಿಲ್ಲ. ಫೋಟೋ ಇಲ್ಲದೆಡೆ ನಟ ಹೇಗೆ ತಿರುಗಿದ, ಹೇಗೆ ನಕ್ಕ ಎಂಬುದು ಚಿತ್ರಕಾರನ ಊಹೆ. ಆದರೂ ಕಣ್ಣು ಮುಚ್ಚಿದರೆ 1966 ಹಾಗೆಯೇ ಕೇಳಿಸುತ್ತದೆ.

ನಮ್ಮ ಮೊದಲ ವಾಕ್ಚಿತ್ರಕ್ಕೆ ಆ ಭಾಗ್ಯವೂ ಇಲ್ಲ. ವೈ. ವಿ. ರಾವ್ ನಿರ್ದೇಶಿಸಿದ ‘ಸತಿ ಸುಲೋಚನಾ’ ಕೊಲ್ಲಾಪುರದಲ್ಲಿ ಚಿತ್ರಿತವಾಗಿ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ; ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾಯರು. ಅದರ ಒಂದು ಪ್ರತಿಯೂ ಉಳಿದಿಲ್ಲ. ಧ್ವನಿಯೂ ಅದೇ ಫಿಲ್ಮಿನಲ್ಲಿದ್ದುದರಿಂದ ಜೊತೆಗೇ ಹೋಯಿತು. ಮನೆಯಲ್ಲಿ ಕುಳಿತು ಮುದ್ರಿಸಿಕೊಳ್ಳುವ ಯಂತ್ರ ಆಗಿನ ಪ್ರೇಕ್ಷಕರಲ್ಲಿ ಇರಲಿಲ್ಲ. ನಾಳೆ ಯಾರಾದರೂ ಅನಿಮೇಷನ್ನಿನಲ್ಲಿ ಅದನ್ನು ಕಟ್ಟಿದರೂ ನಾಗೇಂದ್ರರಾಯರ ರಾವಣ ಬೇರೊಬ್ಬರ ದನಿಯಲ್ಲಿ ಗರ್ಜಿಸಬೇಕು.

ಆದರೆ ‘ಡಾಕ್ಟರ್ ಹೂ’ವಿನ ಒಂಬತ್ತು ಕಂತುಗಳು ನೈಜೀರಿಯಾದಲ್ಲಿ ದೊರೆತ ಸುದ್ದಿ 2013ರಲ್ಲಿ ಹೊರಬಂದಿತ್ತು. ಅಂದಿನ ದೊಡ್ಡಾಟದಲ್ಲಿ ರಂಗದ ಮುಂದೆ ನನ್ನದಲ್ಲದೆ ಇನ್ನೂ ಎರಡು ಟೇಪ್ ರೆಕಾರ್ಡರುಗಳಿದ್ದವು. ಒಂದರ ಯಜಮಾನರು ತೀರಿಕೊಂಡಿದ್ದಾರೆ. ಅವರ ಮನೆಯ ಅಟ್ಟದಲ್ಲಿ ಹುಡುಕಿಸಿದ್ದೇನೆ, ಸಿಕ್ಕಿಲ್ಲ. ಇನ್ನೊಬ್ಬರು ನೌಕರಿಗೆಂದು ಪುಣೆಗೆ ಹೋದವರು. ಇದನ್ನು ಓದುವವರಲ್ಲಿ ಅವರ ಮಕ್ಕಳಿದ್ದರೆ, ಹಳೆಯ ಕ್ಯಾಸೆಟ್ಟುಗಳನ್ನು ಎಸೆಯುವ ಮೊದಲು ನನಗೊಂದು ಮಾತು ತಿಳಿಸಬೇಕು.