ಹಡಗು ನಿಲ್ಲುವುದು ಕೆಲವೇ ಗಂಟೆ: ಯಾವ ಮಾಯಾ ಅವಶೇಷ ನೋಡಬೇಕು?

ಪ್ರವಾಸ ಮಾಹಿತಿ
- ನಮ್ಮ ವರದಿಗಾರರಿಂದ

ಅಮೆರಿಕದ ಮಯಾಮಿ, ಟ್ಯಾಂಪಾ, ಗ್ಯಾಲ್ವೆಸ್ಟನ್ ಮುಂತಾದ ಬಂದರುಗಳಿಂದ ಹೊರಡುವ ಅನೇಕ ವಿಹಾರ ನೌಕೆಗಳು ಪಶ್ಚಿಮ ಕೆರೀಬಿಯನ್ ಸಮುದ್ರದತ್ತ ಸಾಗುತ್ತವೆ. ಮೆಕ್ಸಿಕೊ, ಬೆಲೀಜ್, ಗ್ವಾಟೆಮಾಲಾ ದೇಶಗಳ ಬಂದರುಗಳಲ್ಲಿ ಒಂದೊಂದು ಹಗಲು ಲಂಗರು ಹಾಕುವ ಈ ಹಡಗುಗಳಿಂದ ಇಳಿದವರಿಗೆ ಪ್ರಾಚೀನ ಮಾಯಾ ನಾಗರಿಕತೆಯ ಅವಶೇಷಗಳನ್ನು ಕಾಣುವ ಅವಕಾಶ ದೊರೆಯುತ್ತದೆ. ಅಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗುವ ಕರ್ನಾಟಕದ ತಂದೆ-ತಾಯಂದಿರೂ ಇಂತಹ ಯಾನ ಕೈಗೊಳ್ಳುವುದುಂಟು.

ತಾಣಗಳು ಹಲವಾರಿವೆ, ಸಮಯವಾದರೋ ಎಂಟು-ಒಂಬತ್ತು ಗಂಟೆಗಳಷ್ಟೇ. ಹೆಸರಿನ ಪ್ರಸಿದ್ಧಿಯನ್ನು ಮಾತ್ರ ನೋಡಿ ತಾಣವನ್ನು ಆರಿಸಿಕೊಂಡವರು ದಿನವನ್ನೆಲ್ಲ ಬಸ್ಸಿನಲ್ಲಿ ಕಳೆದು, ಅವಶೇಷಗಳ ನಡುವೆ ಅರ್ಧ ಗಂಟೆಯೂ ನಿಲ್ಲಲಾಗದೆ ಮರಳುವ ಸಂಭವವಿದೆ. ಹಡಗು ತಪ್ಪಿಸಿಕೊಂಡರಂತೂ ಮುಂದಿನ ಬಂದರಿನವರೆಗಿನ ವೆಚ್ಚ, ವೀಸಾ, ವಸತಿಗಳ ಹೊಣೆಯೆಲ್ಲ ಪ್ರವಾಸಿಗರದೇ ಆಗುತ್ತದೆ. ಆದ್ದರಿಂದ ‘ಯಾವುದು ದೊಡ್ಡದು’ ಎಂದು ಕೇಳುವ ಮೊದಲು ‘ಅಲ್ಲಿ ನಿಲ್ಲಲು ಎಷ್ಟು ಹೊತ್ತು ಉಳಿಯುತ್ತದೆ’ ಎಂದು ಕೇಳಿಕೊಳ್ಳುವುದು ವಿವೇಕ.

ಮಾಯಾ ಜನರು ಯಾರು?

ಇಂದಿನ ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್ ಹಾಗೂ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ಗಳ ಕೆಲ ಭಾಗಗಳಲ್ಲಿ ಹಬ್ಬಿದ್ದ ನಾಗರಿಕತೆ ಇದು. ಕ್ರಿ.ಶ. 250ರಿಂದ 900ರವರೆಗಿನ ಅವಧಿಯನ್ನು ವಿದ್ವಾಂಸರು ಇದರ ಅಭಿಜಾತ ಯುಗವೆಂದು ಕರೆಯುತ್ತಾರೆ. ಸೊನ್ನೆಯ ಬಳಕೆ, ಸ್ವಂತ ಲಿಪಿ, 260 ದಿನ ಮತ್ತು 365 ದಿನಗಳ ಎರಡು ಪಂಚಾಂಗಗಳು ಮಾಯಾ ಜನರ ಹೆಗ್ಗಳಿಕೆ. 2012ರ ಡಿಸೆಂಬರ್ 21ರಂದು ಪ್ರಳಯವಾಗುವುದೆಂಬ ವದಂತಿ ಜಗತ್ತಿನೆಲ್ಲೆಡೆ ಹಬ್ಬಿದ್ದು ಇವರ ಕಾಲಗಣನೆಯ ಹೆಸರಿನಲ್ಲಿಯೇ. ವಾಸ್ತವದಲ್ಲಿ ಅಂದು ಮುಗಿದದ್ದು ದೀರ್ಘ ಗಣನೆಯ ಒಂದು ಆವರ್ತ ಮಾತ್ರ.

ಇವರು ನಶಿಸಿಹೋದ ಜನಾಂಗವೆಂಬ ಮಾತು ಸರಿಯಲ್ಲ. ಹಲವು ನಗರಗಳನ್ನು ತೊರೆದರಾದರೂ ಮಾಯಾ ಭಾಷೆಗಳನ್ನಾಡುವ ಲಕ್ಷಾಂತರ ಜನ ಇಂದಿಗೂ ಇದೇ ನೆಲದಲ್ಲಿ ಬಾಳುತ್ತಿದ್ದಾರೆ. ತಾಣಗಳಲ್ಲಿ ದೊರೆಯುವ ಮಾರ್ಗದರ್ಶಿಗಳಲ್ಲಿ ಹಲವರು ಇದೇ ಸಮುದಾಯದವರು.

ಮೊದಲು ಕಳೆಯುವ ಲೆಕ್ಕ

ಹಡಗು ಬಂದರಿನಲ್ಲಿರುವ ಒಟ್ಟು ಅವಧಿಯಿಂದ ಮೂರು ಬಾಬ್ತುಗಳನ್ನು ಕಳೆಯಬೇಕು.

1. ಇಳಿಯುವ ಸಮಯ. ಸಾವಿರಾರು ಪ್ರಯಾಣಿಕರು ಒಮ್ಮೆಗೇ ಇಳಿಯುವುದರಿಂದ ಮುಕ್ಕಾಲು ಗಂಟೆಯನ್ನಾದರೂ ಹಿಡಿಯಬೇಕು.
2. ಹೋಗಿ ಬರುವ ಸಮಯ. ದೋಣಿಗಾಗಿ ಕಾಯುವುದು, ಸಂಚಾರ ದಟ್ಟಣೆ ಎಲ್ಲವೂ ಇದರಲ್ಲಿ ಸೇರಬೇಕು.
3. ಕಾಯ್ದಿರಿಸಿದ ಸಮಯ. ಹಡಗು ಹೊರಡುವುದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕೆಂಬ ನಿಯಮವಿರುತ್ತದೆ. ಆದ್ದರಿಂದ ಒಂದು ಗಂಟೆಯನ್ನು ಕಡ್ಡಾಯವಾಗಿ ಬದಿಗಿಡಬೇಕು.

ಹೀಗೆ ಕಳೆದ ಬಳಿಕ ಒಂದೂವರೆ ಗಂಟೆಗಿಂತ ಕಡಿಮೆ ಉಳಿದರೆ ಆ ತಾಣವನ್ನು ಕೈಬಿಡುವುದೇ ಲೇಸು.

ಕೊಜುಮೆಲ್ ದ್ವೀಪದಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಹಡಗು ನಿಲ್ಲುವುದೆಂದು ಭಾವಿಸೋಣ. ಅಲ್ಲಿಂದ ಚಿಚೆನ್ ಇಟ್ಜಾಕ್ಕೆ ಹೊರಟವರಿಗೆ ಇಳಿಯಲು ಮುಕ್ಕಾಲು ಗಂಟೆ, ಕಾಯುವಿಕೆಯೂ ಸೇರಿ ದೋಣಿಗೆ ಒಂದು ಗಂಟೆ, ರಸ್ತೆಯಲ್ಲಿ ಎರಡೂವರೆ ಗಂಟೆ ಬೇಕು. ಮರಳಲು ಮತ್ತೆ ಮೂರೂವರೆ ಗಂಟೆ. ಕಾಯ್ದಿರಿಸಿದ ಒಂದು ಗಂಟೆಯನ್ನೂ ಕಳೆದರೆ ಒಂಬತ್ತು ಗಂಟೆಗಳಲ್ಲಿ ಉಳಿಯುವುದು ಬರಿಯ ಕಾಲು ಗಂಟೆ. ಇದೇ ಲೆಕ್ಕದಲ್ಲಿ ಟುಲುಮ್‌ಗೆ ಹೋದವರಿಗೆ ಮೂರು ಗಂಟೆಗೂ ಹೆಚ್ಚು ಸಮಯ ದೊರೆಯುತ್ತದೆ.

ಗಡಿಯಾರದ ಗೊಂದಲ

ಅನೇಕರು ಎಡವುವುದು ಇಲ್ಲಿಯೇ. ಕೊಜುಮೆಲ್, ಟುಲುಮ್, ಕೋಸ್ಟಾ ಮಾಯಾಗಳಿರುವ ಕಿಂಟಾನಾ ರೂ ರಾಜ್ಯವು 2015ರ ಫೆಬ್ರುವರಿ 1ರಿಂದ ತನ್ನದೇ ಕಾಲವಲಯವನ್ನು ಅನುಸರಿಸುತ್ತಿದೆ. ಅದು ಭಾರತೀಯ ಕಾಲಮಾನಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಪ್ರೊಗ್ರೆಸೊ ಮತ್ತು ಚಿಚೆನ್ ಇಟ್ಜಾಗಳಿರುವ ನೆರೆಯ ಯುಕಟಾನ್ ರಾಜ್ಯ ಹಾಗೂ ಬೆಲೀಜ್, ಗ್ವಾಟೆಮಾಲಾ ದೇಶಗಳು ಅದಕ್ಕಿಂತ ಇನ್ನೂ ಒಂದು ಗಂಟೆ ಹಿಂದಿವೆ.

ಹಡಗಿನೊಳಗಿನ ಗಡಿಯಾರ ಇವೆರಡರಲ್ಲಿ ಯಾವುದಕ್ಕೂ ಹೊಂದಬೇಕೆಂದಿಲ್ಲ. ಕೆಲವು ನೌಕೆಗಳು ಹೊರಟ ಬಂದರಿನ ಸಮಯವನ್ನೇ ಕೊನೆಯವರೆಗೂ ಇಟ್ಟುಕೊಳ್ಳುತ್ತವೆ. ಮೊಬೈಲ್ ದೂರವಾಣಿ ಮಾತ್ರ ತಾನಾಗಿ ಸ್ಥಳೀಯ ಸಮಯಕ್ಕೆ ಬದಲಾಗಿಬಿಡುತ್ತದೆ. ಅದನ್ನು ನಂಬಿ ಒಂದು ಗಂಟೆ ತಡವಾಗಿ ಬಂದರೆ ದಕ್ಕೆಯಲ್ಲಿ ಹಡಗು ಇರುವುದಿಲ್ಲ. ಇಳಿಯುವ ಮುನ್ನ ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರವನ್ನು ಕಟ್ಟಿಕೊಳ್ಳುವುದು ಸುರಕ್ಷಿತ.

ಕೊಜುಮೆಲ್: ದ್ವೀಪದಲ್ಲೋ, ಆಚೆ ದಡದಲ್ಲೋ?

*ಸ್ಯಾನ್ ಹೆರ್ವಾಸಿಯೊ:* ದ್ವೀಪದಲ್ಲಿಯೇ ಇರುವ ತಾಣ. ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯ ದಾರಿ, ಸಮುದ್ರ ದಾಟುವ ಗೋಜಿಲ್ಲ. ಹೆರಿಗೆ ಮತ್ತು ನೇಯ್ಗೆಯ ಅಧಿದೇವತೆಯಾದ ಇಶ್ಚೆಲ್ ದೇವಿಯ ಯಾತ್ರಾಕ್ಷೇತ್ರವಿದು. ಮುಖ್ಯ ಭೂಭಾಗದಿಂದ ಮಾಯಾ ಸ್ತ್ರೀಯರು ದೋಣಿಗಳಲ್ಲಿ ಸಮುದ್ರ ದಾಟಿ ಇಲ್ಲಿಗೆ ಬರುತ್ತಿದ್ದರು. ಕಟ್ಟಡಗಳು ಚಿಕ್ಕವು. ಗಗನಚುಂಬಿ ಪಿರಮಿಡ್ಡನ್ನು ನಿರೀಕ್ಷಿಸಿದವರಿಗೆ ನಿರಾಶೆಯಾದೀತು. ಆದರೆ ಗೋಡೆಯ ಮೇಲೆ ಕೆಂಪು ಅಂಗೈ ಗುರುತುಗಳಿರುವ ಮನೆ, ಕಾಡಿನ ನಡುವೆ ಸಾಗುವ ಪುರಾತನ ಕಲ್ಲುದಾರಿಗಳನ್ನು ನಿಧಾನವಾಗಿ ನೋಡಬಹುದು. ವಯೋವೃದ್ಧರು ಮತ್ತು ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಇದು ಉತ್ತಮ ಆಯ್ಕೆ.

*ಟುಲುಮ್:* ಪ್ಲಾಯಾ ಡೆಲ್ ಕಾರ್ಮೆನ್‌ವರೆಗೆ ಸುಮಾರು ಮುಕ್ಕಾಲು ಗಂಟೆ ದೋಣಿ, ಆ ಬಳಿಕ ಒಂದು ಗಂಟೆ ರಸ್ತೆ. 13ರಿಂದ 15ನೇ ಶತಮಾನದವರೆಗೆ ಉಚ್ಛ್ರಾಯದಲ್ಲಿದ್ದ ಕೋಟೆ ನಗರವಿದು. ಮೂರು ದಿಕ್ಕಿಗೆ ಗೋಡೆ, ನಾಲ್ಕನೆಯ ದಿಕ್ಕಿಗೆ ನೀಲಿ ಸಮುದ್ರದ ಮೇಲೆ ಚಾಚಿದ ಬಂಡೆ. ವಾಸ್ತುವಿಗಿಂತಲೂ ಅದು ನಿಂತ ನೆಲೆಯೇ ಇಲ್ಲಿನ ಆಕರ್ಷಣೆ. ಒಂದೂವರೆ ಗಂಟೆಯಲ್ಲಿ ಸಂಪೂರ್ಣವಾಗಿ ನೋಡಬಹುದು. ನೆರಳು ಕಡಿಮೆ, ಜನಸಂದಣಿ ಹೆಚ್ಚು. ವಾಹನ ನಿಲ್ಲುವ ಸ್ಥಳದಿಂದ ಸಾಕಷ್ಟು ದೂರ ನಡೆಯಬೇಕೆಂಬುದೂ ಗಮನದಲ್ಲಿರಲಿ. ಸಮುದ್ರದಲ್ಲಿ ಅಲೆಗಳು ಜೋರಾಗಿರುವ ದಿನ ದೋಣಿಯ ಪ್ರಯಾಣ ಕೆಲವರಿಗೆ ವಾಕರಿಕೆ ತರುತ್ತದೆ.

*ಕೋಬಾ:* ಟುಲುಮ್‌ನಿಂದ ಒಳನಾಡಿನತ್ತ ಇನ್ನೂ ಸುಮಾರು 45 ಕಿ.ಮೀ. ದೂರವಿದೆ. ಇಲ್ಲಿನ ನೊಹೋಚ್ ಮುಲ್ ಪಿರಮಿಡ್ಡಿನ ಎತ್ತರ 42 ಮೀಟರ್. ಇಲ್ಲಿಂದ ಯಶೂನಾ ಎಂಬ ಊರಿಗೆ ಸುಮಾರು 100 ಕಿ.ಮೀ. ಉದ್ದದ ಬಿಳಿಗಲ್ಲಿನ ರಸ್ತೆಯೊಂದನ್ನು ಮಾಯಾ ಜನರು ನಿರ್ಮಿಸಿದ್ದರು. ಕಟ್ಟಡಗಳು ಕಾಡಿನಲ್ಲಿ ದೂರ ದೂರ ಹರಡಿಕೊಂಡಿವೆ. ಹಡಗು ಹತ್ತು ಗಂಟೆಗೂ ಹೆಚ್ಚು ಕಾಲ ನಿಲ್ಲುವುದಾದರೆ ಮಾತ್ರ ಯೋಚಿಸಬಹುದು.

ಪ್ರೊಗ್ರೆಸೊ: ದೊಡ್ಡ ತಾಣಗಳಿಗೆ ಸರಿಯಾದ ಬಾಗಿಲು

ಚಿಚೆನ್ ಇಟ್ಜಾವನ್ನು ನೋಡಲೇಬೇಕೆಂಬ ಹಂಬಲವಿರುವವರು ಯಾನವನ್ನು ಕಾಯ್ದಿರಿಸುವಾಗಲೇ ಪ್ರೊಗ್ರೆಸೊದಲ್ಲಿ ನಿಲ್ಲುವ ಹಡಗನ್ನು ಆರಿಸಿಕೊಳ್ಳಬೇಕು. ಸಮುದ್ರದೊಳಕ್ಕೆ ಸುಮಾರು 6.5 ಕಿ.ಮೀ. ಚಾಚಿರುವ ಇಲ್ಲಿನ ದಕ್ಕೆ ಜಗತ್ತಿನ ಅತಿ ಉದ್ದದ ದಕ್ಕೆಗಳಲ್ಲೊಂದು. ಇಲ್ಲಿ ದೋಣಿ ದಾಟುವ ಅಗತ್ಯವಿಲ್ಲ.

*ಚಿಚೆನ್ ಇಟ್ಜಾ:* ರಸ್ತೆಯಲ್ಲಿ ಎರಡರಿಂದ ಎರಡೂವರೆ ಗಂಟೆ. 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2007ರಲ್ಲಿ ಹೊಸ ಏಳು ಅದ್ಭುತಗಳ ಸಾಲಿನಲ್ಲಿ ತಾಜ್ ಮಹಲಿನೊಂದಿಗೆ ಆಯ್ಕೆಯಾಯಿತು. ಸುಮಾರು 30 ಮೀಟರ್ ಎತ್ತರದ ‘ಎಲ್ ಕಾಸ್ಟಿಲೊ’ ಪಿರಮಿಡ್ಡಿಗೆ ನಾಲ್ಕು ದಿಕ್ಕಿಗೂ 91ರಂತೆ ಮೆಟ್ಟಿಲುಗಳಿದ್ದು, ಮೇಲಿನ ಗುಡಿಯ ಒಂದು ಮೆಟ್ಟಿಲು ಸೇರಿದರೆ ವರ್ಷದ ದಿನಗಳಷ್ಟೇ 365 ಆಗುತ್ತವೆ. ವಿಷುವತ್ ಸಂಕ್ರಮಣದ ಸಂಜೆ ಮೆಟ್ಟಿಲಿನ ಪಕ್ಕದ ಕಟ್ಟೆಯ ಮೇಲೆ ನೆರಳು-ಬೆಳಕು ಸರ್ಪದಂತೆ ಇಳಿದುಬರುವುದನ್ನು ಕಾಣಲು ಸಹಸ್ರಾರು ಜನ ಸೇರುತ್ತಾರೆ. ಹಡಗಿನ ಪ್ರವಾಸಿಗರು ಆ ದಿನಗಳನ್ನು ತಪ್ಪಿಸುವುದು ಮೇಲು. ಪಿರಮಿಡ್ಡನ್ನು ಹತ್ತುವುದನ್ನು 2006ರಲ್ಲಿ ನಿಷೇಧಿಸಲಾಯಿತು. 168 ಮೀಟರ್ ಉದ್ದದ ಚೆಂಡಾಟದ ಅಂಗಳವನ್ನು ನೋಡದೆ ಮರಳಬಾರದು.

*ಉಶ್ಮಾಲ್:* ಎರಡು ಗಂಟೆಯೊಳಗಿನ ದಾರಿ. 1996ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು. ಚಿಚೆನ್ ಇಟ್ಜಾದಷ್ಟು ಗದ್ದಲವಿಲ್ಲ, ಶಿಲ್ಪಕಲೆಯಲ್ಲಿ ಅದಕ್ಕೆ ಕಡಿಮೆಯೂ ಅಲ್ಲ. ಮೂಲೆಗಳು ದುಂಡಗಿರುವ ‘ಮಾಂತ್ರಿಕನ ಪಿರಮಿಡ್’ ಸುಮಾರು 35 ಮೀಟರ್ ಎತ್ತರವಿದ್ದು, ಕುಬ್ಜನೊಬ್ಬ ಒಂದೇ ರಾತ್ರಿಯಲ್ಲಿ ಕಟ್ಟಿದನೆಂಬ ಐತಿಹ್ಯವಿದೆ. ಈ ಪ್ರದೇಶದಲ್ಲಿ ನದಿಗಳಿಲ್ಲ. ಮಳೆನೀರನ್ನು ನೆಲದಡಿಯ ತೊಟ್ಟಿಗಳಲ್ಲಿ ಸಂಗ್ರಹಿಸಿ ಜನ ಬದುಕಿದರು. ಆದ್ದರಿಂದಲೇ ಕಟ್ಟಡಗಳ ತುಂಬ ಮಳೆದೇವತೆ ಚಾಕ್‌ನ ಉದ್ದ ಮೂಗಿನ ಮುಖವಾಡಗಳು ಸಾಲುಗಟ್ಟಿವೆ. ಕಲೆಯಲ್ಲಿ ಆಸಕ್ತಿಯುಳ್ಳವರು ಇವೆರಡರಲ್ಲಿ ಉಶ್ಮಾಲನ್ನೇ ಆರಿಸಿಕೊಂಡರೆ ಪಶ್ಚಾತ್ತಾಪ ಪಡಬೇಕಾಗಿಲ್ಲ.

*ಜಿಬಿಲ್ಚಾಲ್ತುನ್:* ಪ್ರೊಗ್ರೆಸೊದಿಂದ ಅರ್ಧ ಗಂಟೆಯ ದಾರಿ. ಉತ್ಖನನದಲ್ಲಿ ಏಳು ಮಣ್ಣಿನ ಗೊಂಬೆಗಳು ದೊರೆತ ‘ಏಳು ಗೊಂಬೆಗಳ ಗುಡಿ’ ಇಲ್ಲಿನ ವಿಶೇಷ. ವಿಷುವತ್ ದಿನಗಳ ಮುಂಜಾನೆ ಸೂರ್ಯೋದಯವು ಇದರ ಬಾಗಿಲಿನ ನೇರಕ್ಕೆ ಕಾಣುತ್ತದೆ. ತಡವಾಗಿ ತಲುಪಿದ ಹಡಗಿನವರಿಗೆ ಇದೇ ಆಸರೆ.

ಕೋಸ್ಟಾ ಮಾಯಾ: ಕಾಡಿನ ಮೌನ

ಇಲ್ಲಿ ಹೆಚ್ಚಿನವರು ಹೋಗುವುದು ಸುಮಾರು ಒಂದು ಗಂಟೆಯ ದಾರಿಯ ಚಾಕ್‌ಚೋಬೆನ್‌ಗೆ. 2002ರಲ್ಲಿ ಸಾರ್ವಜನಿಕರಿಗೆ ತೆರೆದ ಈ ತಾಣದಲ್ಲಿ ಎತ್ತರದ ತಾಳೆ ಮರಗಳ ನೆರಳಿದೆ. ಹಡಗುಗಳಿಲ್ಲದ ದಿನ ಜನರೇ ವಿರಳ. ಕೊಹುನ್ಲಿಚ್‌ನಲ್ಲಿ ಆಳೆತ್ತರದ ಗಾರೆಯ ಮುಖಗಳಿದ್ದು ಅವು ಅಪೂರ್ವವಾದವು. ಆದರೆ ದಾರಿ ಎರಡು ಗಂಟೆಗೂ ಹೆಚ್ಚು. ಲೆಕ್ಕ ಹಾಕಿಯೇ ಹೊರಡಬೇಕು.

ಬೆಲೀಜ್: ದಡ ಸೇರುವುದೇ ಒಂದು ಪ್ರಯಾಣ

ಬೆಲೀಜ್ ನಗರದ ಬಳಿ ಸಮುದ್ರ ಆಳವಿಲ್ಲದ ಕಾರಣ ದೊಡ್ಡ ಹಡಗುಗಳು ದೂರದಲ್ಲಿಯೇ ಲಂಗರು ಹಾಕುತ್ತವೆ. ಚಿಕ್ಕ ದೋಣಿಗಳಲ್ಲಿ ದಡಕ್ಕೆ ಬರಬೇಕು. ಸರತಿಯೂ ಸೇರಿದರೆ ಹೋಗಲು ಬರಲು ಎರಡೂ ಸಲ ಸಮಯ ವ್ಯಯವಾಗುತ್ತದೆ.

ಸಮಯ ಕಡಿಮೆಯಿದ್ದರೆ ಸುಮಾರು ಒಂದು ಗಂಟೆಯ ದಾರಿಯ *ಆಲ್ಟುನ್ ಹಾ* ಸೂಕ್ತ. ಸೂರ್ಯದೇವನದೆಂದು ಹೇಳಲಾಗುವ, 4 ಕೆ.ಜಿ.ಗೂ ಅಧಿಕ ತೂಕದ ಹಸಿರು ಜೇಡ್ ಶಿಲೆಯ ಶಿರಸ್ಸು 1968ರಲ್ಲಿ ಇಲ್ಲಿನ ಸಮಾಧಿಯೊಂದರಲ್ಲಿ ದೊರೆಯಿತು. ಇಡೀ ದಿನವಿದ್ದರೆ *ಲಮನಾಯ್* ಮೇಲು. ಒಂದು ಗಂಟೆ ರಸ್ತೆ, ಬಳಿಕ ನ್ಯೂ ರಿವರ್ ನದಿಯಲ್ಲಿ ದೋಣಿ ಪ್ರಯಾಣ. ಮೊಸಳೆಯ ಹೆಸರನ್ನೇ ಹೊತ್ತ ಈ ಊರಿನಲ್ಲಿ 33 ಮೀಟರ್ ಎತ್ತರದ ದೇಗುಲವಿದೆ. ನದಿಯ ದಡದ ಪಕ್ಷಿಗಳೂ ಕಾಡೂ ಪ್ರವಾಸದ ಅರ್ಧ ಫಲ. *ಶುನಾನ್‌ತುನಿಚ್* ಗ್ವಾಟೆಮಾಲಾ ಗಡಿಯ ಬಳಿ, ಸುಮಾರು ಎರಡು ಗಂಟೆ ದೂರದಲ್ಲಿದ್ದು, 40 ಮೀಟರ್ ಎತ್ತರದ ಮುಖ್ಯ ಕಟ್ಟಡವನ್ನು ಹೊಂದಿದೆ. ಮೆಕ್ಸಿಕೊದ ಕೆಲವು ಪ್ರಸಿದ್ಧ ಪಿರಮಿಡ್ಡುಗಳನ್ನು ಏರುವಂತಿಲ್ಲವಾದರೂ ಬೆಲೀಜಿನ ಹಲವು ತಾಣಗಳಲ್ಲಿ ಅದಕ್ಕೆ ಅವಕಾಶವಿದೆ. ಮೆಟ್ಟಿಲುಗಳು ಕಡಿದಾಗಿವೆ. ಮಂಡಿನೋವಿನವರು ಕೆಳಗಿನಿಂದಲೇ ನೋಡುವುದು ಒಳಿತು.

ಗ್ವಾಟೆಮಾಲಾ: ಕಲ್ಲಿನಲ್ಲಿ ಕೊರೆದ ಸೇಡು

ಸಾಂತೊ ತೊಮಾಸ್ ಡಿ ಕಾಸ್ಟಿಯಾ ಬಂದರಿನಲ್ಲಿ ಇಳಿದವರಿಗೆ *ಕಿರಿಗುವಾ* ಹತ್ತಿರದ ದೊಡ್ಡ ತಾಣ. ಬಾಳೆ ತೋಟಗಳ ನಡುವಿನ ಈ ಪುಟ್ಟ ರಾಜ್ಯವು ಕ್ರಿ.ಶ. 738ರಲ್ಲಿ ತನ್ನ ಮೇಲೆ ಅಧಿಪತ್ಯ ನಡೆಸುತ್ತಿದ್ದ ಕೋಪಾನ್‌ನ ಅರಸನನ್ನು ಸೆರೆಹಿಡಿದು ಶಿರಚ್ಛೇದ ಮಾಡಿತು. ಆ ವಿಜಯದ ಗರ್ವವೇ ಇಲ್ಲಿನ ಶಿಲಾಸ್ತಂಭಗಳಾಗಿ ನಿಂತಿದೆ. 10 ಮೀಟರಿಗೂ ಎತ್ತರದ ಏಕಶಿಲಾ ಸ್ತಂಭವೊಂದು ಮಾಯಾ ಜಗತ್ತಿನಲ್ಲಿಯೇ ಅತಿ ದೊಡ್ಡದು. ಏರುವ ಶ್ರಮವಿಲ್ಲ, ನೆಲ ಸಮತಟ್ಟು. ಶಾಸನಗಳಲ್ಲಿ ಆಸಕ್ತಿಯುಳ್ಳವರಿಗೂ ಹಿರಿಯರಿಗೂ ಒಪ್ಪುವಂಥದು.

ಹಡಗಿನವರ ಪ್ರವಾಸವೋ, ಸ್ವಂತ ವ್ಯವಸ್ಥೆಯೋ?

ಹಡಗು ಸಂಸ್ಥೆಯೇ ಏರ್ಪಡಿಸುವ ಪ್ರವಾಸಕ್ಕೆ ಶುಲ್ಕ ಹೆಚ್ಚು. ಆದರೆ ಅದರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಕಳುಹಿಸುವ ಹೊಣೆ ಹೊರುತ್ತದೆ. ಸ್ವಂತವಾಗಿ ಹೋದವರಿಗೆ ಈ ರಕ್ಷಣೆಯಿಲ್ಲ. ಒಂದು ಗಂಟೆಯೊಳಗಿನ ತಾಣಗಳಾದ ಸ್ಯಾನ್ ಹೆರ್ವಾಸಿಯೊ, ಜಿಬಿಲ್ಚಾಲ್ತುನ್‌ಗಳಿಗೆ ಟ್ಯಾಕ್ಸಿ ಸಾಕು. ಎರಡು ಗಂಟೆ ಮೀರಿದ ದಾರಿಗೆ ಹಡಗಿನವರ ಪ್ರವಾಸವೇ ಕ್ಷೇಮ. ಟ್ಯಾಕ್ಸಿಯ ಬಾಡಿಗೆಯನ್ನು ಹತ್ತುವ ಮೊದಲೇ, ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಮಾತಾಡಿಕೊಳ್ಳಬೇಕು.

ಹೊರಡುವ ಮುನ್ನ

* ಊರ್ಜಿತದಲ್ಲಿರುವ ಅಮೆರಿಕ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೊಗೆ ಪ್ರತ್ಯೇಕ ವೀಸಾ ಬೇಕಿಲ್ಲ. ಬೆಲೀಜ್, ಗ್ವಾಟೆಮಾಲಾಗಳ ನಿಯಮವನ್ನು ಹಡಗು ಸಂಸ್ಥೆಯಿಂದ ಮೊದಲೇ ತಿಳಿದುಕೊಳ್ಳಿರಿ.
* ಹಡಗು ಅಮೆರಿಕಕ್ಕೆ ಮರಳುವುದರಿಂದ ವೀಸಾ ಬಹುಪ್ರವೇಶದ್ದಾಗಿರಬೇಕು. ಉದ್ಯೋಗದ ಅನುಮತಿ ನವೀಕರಣಗೊಂಡಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿರಿ.
* ಪಾಸ್‌ಪೋರ್ಟಿನ ಪ್ರತಿ, ಹಡಗಿನ ಕಾರ್ಡು, ಬಂದರಿನ ಪ್ರತಿನಿಧಿಯ ದೂರವಾಣಿ ಸಂಖ್ಯೆ ಜೇಬಿನಲ್ಲಿರಲಿ.
* ನೀರು, ಟೋಪಿ, ಸೊಳ್ಳೆ ನಿವಾರಕ, ಜಾರದ ಪಾದರಕ್ಷೆ, ನಿತ್ಯದ ಔಷಧಗಳು ಅವಶ್ಯ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಋತು. ಹಡಗು ಬಂದರನ್ನೇ ಬದಲಿಸಬಹುದು.
* ಮೆಕ್ಸಿಕೊದ ಕೆಲವು ತಾಣಗಳಲ್ಲಿ ಎರಡೆರಡು ಪ್ರವೇಶ ಶುಲ್ಕಗಳಿರುತ್ತವೆ. ಸ್ಥಳೀಯ ಪೆಸೊ ನಗದು ಇರಲಿ.

ಒಟ್ಟಿನಲ್ಲಿ, ಒಂದು ಬಂದರಿಗೆ ಒಂದೇ ತಾಣ ಸಾಕು. ಅವಶೇಷದೊಂದಿಗೆ ಕಡಲತೀರ, ಈಜು, ಖರೀದಿಗಳನ್ನೆಲ್ಲ ಒಂದೇ ದಿನಕ್ಕೆ ಜೋಡಿಸುವ ಪ್ರವಾಸಗಳಲ್ಲಿ ಮೊದಲು ಕತ್ತರಿ ಬೀಳುವುದು ಅವಶೇಷದ ಸಮಯಕ್ಕೇ. ಹತ್ತಿರದ ಚಿಕ್ಕ ತಾಣವನ್ನು ಮಾರ್ಗದರ್ಶಿಯೊಬ್ಬರೊಂದಿಗೆ ಎರಡು ಗಂಟೆ ಸಾವಧಾನವಾಗಿ ನೋಡಿದವರು, ದೂರದ ಅದ್ಭುತದ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಓಡಿ ಬಂದವರಿಗಿಂತ ಹೆಚ್ಚನ್ನು ಕಂಡಿರುತ್ತಾರೆ.